ಎಚ್ಚರದ ಪಾಳಿ

ದಾಕ್ಷಾಯಣಿ ಹಡಪದ ಅವರ ನಡುವಿಗೆ ಕಟ್ಟಿದ್ದ ಶೋಧಕಪಟ್ಟಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೂ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು. ಅಂಗೈ ಅಗಲದ ಪಟ್ಟಿ ಅದು. ಎಡತೋಳಿನ ರಕ್ತನಾಳಕ್ಕೆ ಕಾಯಂ ಆಗಿ ಜೋಡಿಸಿದ ಎರಡು ಸಣ್ಣ ನಳಿಗೆಗಳಿಂದ ರಕ್ತವನ್ನು ಒಳಗೆಳೆದುಕೊಂಡು, ಅದರಲ್ಲಿನ ಕಲ್ಮಶವನ್ನೂ ಹೆಚ್ಚಿನ ನೀರನ್ನೂ ಸೋಸಿ, ಶುದ್ಧವಾದದ್ದನ್ನು ಹಿಂದಕ್ಕೆ ಕಳಿಸುತ್ತಿತ್ತು. ಹದಿನಾಲ್ಕು ವರ್ಷ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ ಹೆಂಗಸು ಈಗ ಬೆಟಗೇರಿಯ ತಮ್ಮ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಆ ಸೊಪ್ಪನ್ನು ಕುದಿಸಿ ನೀರು ಚೆಲ್ಲಬೇಕಾಗಿರಲಿಲ್ಲ. ಕುಡಿಯುವ ನೀರನ್ನು ಲೋಟದಲ್ಲಿ ಅಳೆಯಬೇಕಾಗಿರಲಿಲ್ಲ. ಓಣಿಯ ಹೆಂಗಸರು ಪಟ್ಟಿಯನ್ನು ಡಾಬು ಎಂದೇ ಕರೆಯುತ್ತಿದ್ದರು. "ಮದುವ್ಯಾಗ ಹಾಕದ ಡಾಬು ಈಗ ಬಂತು ನೋಡ್ರಿ" ಎಂದು ದಾಕ್ಷಾಯಣಿಯವರೂ ನಗುತ್ತಿದ್ದರು.

ಅದೇ ಹೊತ್ತಿಗೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಡಾ. ತ್ರಿವಿಕ್ರಮ ಪರದೆಯ ಮುಂದೆ ಕುಳಿತು ಅವರ ಹೆಸರಿನ ಎದುರಿಗಿದ್ದ ಎರಡು ದೀಪಗಳನ್ನು ನೋಡುತ್ತಿದ್ದರು. ಮೊದಲನೆಯದು ಪಟ್ಟಿಯದು, ಹಸಿರು. ಎರಡನೆಯದು ಬೆರಳಿನಲ್ಲಿದ್ದ ನಿದ್ರಾಮುದ್ರಿಕೆಯದು, ಕೆಂಪು. ನಾಡಿಯ ಬಡಿತ, ರಕ್ತದಲ್ಲಿನ ಆಮ್ಲಜನಕ, ಉಸಿರಿನ ಸದ್ದು, ಕೈಯ ಅಲುಗಾಟ ಇವನ್ನೆಲ್ಲ ಅಳೆದು ಮನುಷ್ಯ ಎಷ್ಟು ಹೊತ್ತು ಮಲಗಿದ, ಎಷ್ಟು ಆಳವಾಗಿ ಮಲಗಿದ ಎಂದು ಬರೆದಿಡುವ ಉಂಗುರ ಅದು. ಹಿಂದಿನ ದಿನದ ಬರಹ ಹೀಗಿತ್ತು: ಒಂದು ತಾಸು ಐವತ್ತು ನಿಮಿಷ, ಅದೂ ಒಂಬತ್ತು ತುಂಡುಗಳಲ್ಲಿ.

ಪಟ್ಟಿಯನ್ನು ಕಂಡುಹಿಡಿದವರು ತ್ರಿವಿಕ್ರಮರೇ. ಎರಡು ಸಾವಿರದ ನಲವತ್ತೆಂಟರಲ್ಲಿ, ಅಂದರೆ ಎರಡು ತಿಂಗಳ ಹಿಂದೆ, ಅದನ್ನು ಗದಗ ಮತ್ತು ಸುತ್ತಲಿನ ಮುನ್ನೂರು ರೋಗಿಗಳಿಗೆ ತೊಡಿಸಿದಾಗ ಅವರಿಗೆ ಹಾರಗಳು ಬಿದ್ದವು, ಭಾಷಣಗಳಾದವು. ಡಯಾಲಿಸಿಸ್ ಕೇಂದ್ರಕ್ಕೆ ಬೀಗ ಬಿತ್ತು. ಅದೂ ಸಂತೋಷದ ಸುದ್ದಿಯೆಂದೇ ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ತ್ರಿವಿಕ್ರಮರು ಪಟ್ಟಿಯನ್ನು ಮಾಡಿದ್ದು ರಕ್ತಕ್ಕಿಂತ ಹೆಚ್ಚಾಗಿ ನಿದ್ರೆಗೋಸ್ಕರ. ಇದನ್ನು ಅವರು ವೇದಿಕೆಯ ಮೇಲೆ ಹೇಳಿಕೊಂಡಿರಲಿಲ್ಲ, ಏಕೆಂದರೆ ನಿದ್ರೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನಿದ್ರೆಯೇ ದೊಡ್ಡ ಕೊರತೆ. ಮೈ ತುರಿಸುತ್ತದೆ. ಮಲಗಿದೊಡನೆ ಕಾಲುಗಳು ತಾವಾಗಿಯೇ ಅಲುಗಾಡತೊಡಗುತ್ತವೆ, ಎಳೆದಂತಾಗುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ ಸುಮ್ಮನಾಗುತ್ತವೆ. ಉಸಿರು ಕಟ್ಟಿ ಎಚ್ಚರವಾಗುತ್ತದೆ. ಹೀಗೆ ನಿದ್ರೆಗೆಟ್ಟ ದೇಹದಲ್ಲಿ ಮೊದಲು ಸೋಲುವುದು ಹೃದಯ. ಆರು ವರ್ಷದ ಹಿಂದೆ ತ್ರಿವಿಕ್ರಮರು ಈ ಕೊರತೆಯನ್ನು ಅಳೆಯಲೆಂದು ಹಲವು ಕೇಂದ್ರಗಳ ರೋಗಿಗಳಿಗೆ ಉಂಗುರ ತೊಡಿಸಿದ್ದರು. ಎಲ್ಲ ಕಡೆಯೂ ಒಂದೇ ಕಥೆ: ಮನೆಯಲ್ಲಿ ನಿದ್ರೆಯಿಲ್ಲ, ಕೇಂದ್ರದಲ್ಲೂ ಇಲ್ಲ. ಗದಗಿನಲ್ಲಿ ಮಾತ್ರ, ಸೋಮವಾರ ಬುಧವಾರ ಶುಕ್ರವಾರ ಬೆಳಗಿನ ಏಳರಿಂದ ಹನ್ನೊಂದರವರೆಗೆ ಬರುತ್ತಿದ್ದ ಆರು ಜನರ ತಂಡ, ಡಯಾಲಿಸಿಸ್ ನಡೆಯುತ್ತಿದ್ದ ನಾಲ್ಕೂ ತಾಸು ಮಕ್ಕಳ ಹಾಗೆ ಮಲಗುತ್ತಿತ್ತು. ಒಂದು ದಿನವಲ್ಲ, ಎಂಟು ತಿಂಗಳು. ಆರಕ್ಕೆ ಆರೂ ಉಂಗುರಗಳು ಅದನ್ನೇ ಹೇಳಿದವು.

ಆ ಕೇಂದ್ರದ ಹಳೆಯ ಯಂತ್ರಗಳು ಉಳಿದೆಡೆಗಿಂತ ನಿಧಾನವಾಗಿ ರಕ್ತ ಸೋಸುತ್ತಿದ್ದವು. ಅದೇ ಕಾರಣವಿರಬೇಕೆಂದು ತ್ರಿವಿಕ್ರಮರು ತೀರ್ಮಾನಿಸಿದರು. ರಕ್ತ ನಿಧಾನವಾಗಿ ಶುದ್ಧವಾದರೆ ಮಿದುಳು ಶಾಂತವಾಗುತ್ತದೆ, ನಿದ್ರೆ ಬರುತ್ತದೆ. ಹಾಗಾದರೆ ಹಗಲೂ ರಾತ್ರಿಯೂ ಇನ್ನೂ ನಿಧಾನವಾಗಿ ಸೋಸುವ ಯಂತ್ರವನ್ನು ನಡುವಿಗೇ ಕಟ್ಟಿದರೆ? ತರ್ಕದಲ್ಲಿ ಎಲ್ಲೂ ತೂತಿರಲಿಲ್ಲ. ಐದು ವರ್ಷ ಅವರು ಮನೆಮಠ ಮರೆತು ದುಡಿದರು.

ಈಗ ಮುನ್ನೂರು ಜನರ ರಕ್ತ ಕನ್ನಡಿಯಂತಿತ್ತು. ಬಹಳಷ್ಟು ಜನರಿಗೆ ನಿದ್ರೆ ಇದ್ದಷ್ಟೇ ಇತ್ತು. ಆದರೆ ಹಿಂದೆ ಮಕ್ಕಳ ಹಾಗೆ ಮಲಗುತ್ತಿದ್ದ ಆ ಆರು ಜನರಿಗೆ ಇದ್ದ ನಿದ್ರೆಯೂ ಹೋಗಿತ್ತು. ದಾಕ್ಷಾಯಣಿಯವರ ಸ್ಥಿತಿ ಎಲ್ಲರಿಗಿಂತ ಕೆಟ್ಟಿತ್ತು. ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪಾಲು ಎರಡು ತಿಂಗಳಲ್ಲಿ ನೂರಕ್ಕೆ ನಲವತ್ತೈದರಿಂದ ಇಪ್ಪತ್ತೆಂಟಕ್ಕೆ ಇಳಿದಿತ್ತು. ನಿದ್ರೆಯ ಗುಳಿಗೆಯನ್ನು ಅಂಥ ಹೃದಯ ತಾಳುವುದಿಲ್ಲ. ತಾನಾಗಿಯೇ ನಿದ್ರೆ ಬರಬೇಕು, ಬರದಿದ್ದರೆ ಆಕೆ ಹೆಚ್ಚು ದಿನ ಉಳಿಯುವುದಿಲ್ಲ. ತ್ರಿವಿಕ್ರಮರು ಪರದೆಯನ್ನು ಆರಿಸಿ, ಚೀಲ ಹೆಗಲಿಗೇರಿಸಿ ಗದಗಿನ ಬಸ್ಸು ಹತ್ತಿದರು.

ಮೈಸೂರಿನ ಕಡೆಯ ಆ ವಿಜ್ಞಾನಿಯನ್ನು ಕಂಡು ದಾಕ್ಷಾಯಣಿಯವರು ಸೊಪ್ಪಿನ ಮೊರ ಬದಿಗಿಟ್ಟು ಎದ್ದರು. ಐವತ್ತಾರು ವರ್ಷದ, ಎತ್ತರದ, ಈಗ ತೀರ ಬಡಕಲಾದ ಹೆಂಗಸು. ಬಸ್ಸುಗಳಲ್ಲಿ ಕಂಡಕ್ಟರುಗಳಿದ್ದ ಕಾಲದಲ್ಲಿ ಹತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದವರು. ಗದಗ–ರೋಣ ಬಸ್ಸಿನಲ್ಲಿ ಅವರ ದನಿ ಕೇಳದ ಊರಿರಲಿಲ್ಲ.

"ಬರ್ರಿ ಸಾಹೇಬ್ರ, ಕುಂದರ್ರಿ. ಗಂಗಾ, ಒಂದೀಟ ಚಾ ಇಡವಾ" ಎಂದು ಒಳಗಿದ್ದ ತಂಗಿಗೆ ಕೂಗಿ ಹೇಳಿದರು.

ತ್ರಿವಿಕ್ರಮರು ಸುತ್ತಿಬಳಸದೆ ವಿಷಯಕ್ಕೆ ಬಂದರು. "ನಿಮಗೆ ನಿದ್ದೆ ಯಾಕೆ ಬರ್ತಿಲ್ಲಮ್ಮ? ಕಾಲೆಳೆತಾನಾ? ತುರಿಕೆನಾ?"

"ಕಾಲೆಳೆತ ಏನ್ರಿ, ಅದು ಹದಿನಾಕು ವರ್ಷದ ಗೆಳತಿ. ತುರಿಕಿ ಈಗ ಇಲ್ಲ. ಡಾಬು ಛಲೋ ಮಾಡೈತಿ, ಸುಳ್ಳ್ಯಾಕ ಹೇಳ್ಲಿ. ನಿದ್ದಿ ಬರವಲ್ದು, ಅಷ್ಟ."

"ಈ ನಳಿಗೆ ಕಳಚಿಬಿಟ್ರೆ ಅಂತ ಭಯವಾ? ಒಂದು ಹನಿ ರಕ್ತ ಸೋರಿದ್ರೂ ಪಟ್ಟಿ ನಿಂತುಬಿಡುತ್ತೆ. ಕೂಗ್ಕೊಳ್ಳುತ್ತೆ."

"ಗೊತ್ತೈತ್ರಿ. ನೀವು ಹತ್ತು ಸಲ ಹೇಳೀರಿ."

ತ್ರಿವಿಕ್ರಮರು ಚೀಲದಿಂದ ಒಂದು ಹಾಳೆ ತೆಗೆದರು. ಮಡಚಿ ಮಡಚಿ ಅಂಚು ಸವೆದಿದ್ದ ಹಾಳೆ. ಅದರ ಮೇಲೆ ಒಂದು ಗೆರೆ ನಿಧಾನವಾಗಿ ಕೆಳಗಿಳಿದು, ಬಹಳ ಹೊತ್ತು ತಳದಲ್ಲೇ ಸಾಗಿ, ಕೊನೆಗೆ ಮೇಲೆದ್ದಿತ್ತು.

"ಇದು ನಿಮ್ಮದೇ ನಿದ್ದೆ. ಆರು ವರ್ಷದ ಹಿಂದೆ, ಒಂದು ಬುಧವಾರ. ಮೂರು ಗಂಟೆ ಐವತ್ತು ನಿಮಿಷ. ಇಷ್ಟು ಆಳವಾದ ನಿದ್ದೆ ನಾನು ಇನ್ನೊಬ್ಬ ರೋಗೀಲಿ ನೋಡಿಲ್ಲ. ಈ ಗೆರೆ ಎದುರಿಗಿಟ್ಕೊಂಡೇ ನಿಮ್ಮ ಪಟ್ಟಿಯ ವೇಗ ಹೊಂದಿಸಿದ್ದು. ಆವತ್ತು ಬಂದ ನಿದ್ದೆ ಇವತ್ತು ಯಾಕೆ ಬರ್ತಿಲ್ಲ?"

ದಾಕ್ಷಾಯಣಿಯವರು ಹಾಳೆಯನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದರು. ಗೆರೆಯ ಮೇಲೆ ಸಣ್ಣ ಸಣ್ಣ ಹಲ್ಲುಗಳಿದ್ದವು. ಅವೇನೆಂದು ಕೇಳಿದರು.

"ಗೊರಕೆ" ಎಂದರು ತ್ರಿವಿಕ್ರಮರು ಸ್ವಲ್ಪ ಸಂಕೋಚದಿಂದ.

ದಾಕ್ಷಾಯಣಿಯವರು ಬಾಯಿಗೆ ಸೆರಗು ಹಚ್ಚಿಕೊಂಡು ನಗಲಾರಂಭಿಸಿದರು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. "ಇದು ನನ್ನ ನಿದ್ದಿ ಅಲ್ರಿ ಸಾಹೇಬ್ರ. ಇದು ನಮ್ಮ ಮೌಲಾನ್ದು."

ಮೌಲಾಸಾಬ ನದಾಫ ಅವರ ಪಕ್ಕದ ಹಾಸಿಗೆಯವರು. ಅರಳೆ ಹಿಂಜಿ ಗಾದಿ ಹೊಲಿಯುವ ಕಸುಬಿನವರು. ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟೂ ತಮ್ಮ ಹಾಸಿಗೆಯ ಮೇಲೆ ಕಣ್ಣು ಮುಚ್ಚಲಾರದ ಮನುಷ್ಯ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

"ಅವರದ್ದು ಹೇಗಾಗುತ್ತೆ? ಉಂಗುರ ನಿಮ್ಮದು."

"ಉಂಗುರ ನಂದರಿ. ಬಟ್ಟು ಮೌಲಾನ್ದು." ದಾಕ್ಷಾಯಣಿಯವರು ನಗು ನಿಲ್ಲಿಸಿ ಹಾಳೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಒಂದು ಮಾತು ಕೊಡ್ರಿ ಮೊದಲ. ಈಗ ಹೇಳೂದರಿಂದ ಫಿಲೋಮಿನಾ ಸಿಸ್ಟರ್‌ಗೆ ಏನೂ ಆಗಬಾರದು. ಅವರು ರಿಟೈರ್ ಆಗಿ ವರ್ಷಾತು, ಅದಕ್ಕ ಹೇಳಾಕತ್ತೀನಿ. ಇಲ್ಲಂದ್ರ ಈಗೂ ಹೇಳ್ತಿದ್ದಿಲ್ಲ."

ತ್ರಿವಿಕ್ರಮರು ತಲೆಯಾಡಿಸಿದರು.

ಹದಿಮೂರು ವರ್ಷದ ಹಿಂದೆ ಆ ತಂಡದಲ್ಲಿ ಈರಣ್ಣ ಮಾಸ್ತರರೆಂಬ ಗಣಿತದ ಶಿಕ್ಷಕರಿದ್ದರು. ಒಂದು ಶುಕ್ರವಾರ, ಚಳಿಯೆಂದು ಕತ್ತಿನವರೆಗೆ ಹೊದ್ದುಕೊಂಡು ಮಲಗಿದ್ದಾಗ, ರಕ್ತ ಹಿಂದಕ್ಕೆ ಕಳಿಸುವ ಸೂಜಿ ತೋಳಿನಿಂದ ಜಾರಿತು. ಸೂಜಿಯ ಮೇಲೆ ಹೊದಿಕೆಯ ಭಾರವಿದ್ದುದರಿಂದ ಯಂತ್ರಕ್ಕೆ ಅದು ತಿಳಿಯಲಿಲ್ಲ, ಅದು ರಕ್ತವನ್ನು ಎಳೆಯುತ್ತ, ಹೊರಗೆ ಬಿಡುತ್ತ ಇತ್ತು. ಹೊದಿಕೆಯ ಒಳಗೆ ಗಾದಿ ತೊಯ್ಯುತ್ತಿತ್ತು. ಮೂರು ಕೋಣೆಗಳ ಹದಿನೆಂಟು ಹಾಸಿಗೆಗೆ ಅಂದು ಒಬ್ಬರೇ ಸಿಸ್ಟರ್. ಫಿಲೋಮಿನಾ ಅವರು ಆ ತುದಿಯ ಕೋಣೆಯಲ್ಲಿ ರಕ್ತದೊತ್ತಡ ಕುಸಿದಿದ್ದ ಇನ್ನೊಬ್ಬ ರೋಗಿಯ ಎದೆ ಒತ್ತುತ್ತಿದ್ದರು. ಅವನನ್ನು ಉಳಿಸಿಕೊಂಡು ಬಂದು ನೋಡುವಷ್ಟರಲ್ಲಿ ಮಾಸ್ತರರು ತಣ್ಣಗಾಗಿದ್ದರು.

"ನಾ ಬಾಜೂ ಹಾಸಿಗಿ ಮ್ಯಾಲಿದ್ನಿರಿ. ಒಂದು ಮಾರು ಅಂತರ. ನಿದ್ದಿ ಹತ್ತಿತ್ತು ನನಗ" ಎಂದರು ದಾಕ್ಷಾಯಣಿ. "ಹತ್ತೊಂಬತ್ತು ವರ್ಷ ಕಂಡಕ್ಟರಿಕಿ ಮಾಡೀನಿ. ಬಸ್ಸಿನಾಗ ಎಲ್ಲಾರೂ ಮಲಗಬೌದು, ಕಂಡಕ್ಟರ್ ಮಲಗಂಗಿಲ್ಲ. ಆವತ್ತು ನಾನೂ ಮಲಗಿಬಿಟ್ಟಿದ್ದೆ."

ವಿಚಾರಣೆ ನಡೆಯಿತು. ಸಿಸ್ಟರ್ ಕೆಲಸ ಹೋಗುವುದರಲ್ಲಿತ್ತು. ರೋಗಿಗಳೆಲ್ಲ ಸೇರಿ ಅಂಗಲಾಚಿ ಉಳಿಸಿಕೊಂಡರು. ಮುಂದಿನ ಸೋಮವಾರ ಆ ಕೋಣೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಬುಧವಾರವೂ ಇಲ್ಲ. ಎರಡು ವಾರ ಹಾಗೆಯೇ ನಡೆಯಿತು. ಮನೆಯಲ್ಲಿ ಬರದ ನಿದ್ರೆ ಅಲ್ಲಿ ತುಸು ಬರುತ್ತಿದ್ದುದೂ ಹೋದಾಗ ದಾಕ್ಷಾಯಣಿಯವರು ಒಂದು ದಾರಿ ಹುಡುಕಿದರು. ದಿನಕ್ಕೊಬ್ಬರು ಎಚ್ಚರವಿರಬೇಕು, ಉಳಿದವರು ಮಲಗಬೇಕು. ಪಾಳಿ ಇದ್ದವರು ಎಲ್ಲರ ತೋಳನ್ನೂ ಹೊದಿಕೆಯ ಹೊರಗೆ ಇರಿಸಿಕೊಂಡು, ಕಣ್ಣು ಆಡಿಸುತ್ತಲೇ ಇರಬೇಕು. ಏನಾದರೂ ಕಂಡರೆ ಕೂಗಬೇಕು. ಮಲಗುವವರು ಮಲಗುವ ಮುಂಚೆ "ಎಚ್ಚರ ಅದೀ?" ಎಂದು ಕೇಳಬೇಕು. "ಅದೀನಿ, ಮಲಕೋ" ಎಂದು ಪಾಳಿಯವರು ಹೇಳಬೇಕು. ಮಾಸ್ತರರ ಹಾಸಿಗೆಗೆ ಸರಸ್ವತಿಬಾಯಿ ಎಂಬವರು ಬಂದಾಗ ಅವರಿಗೂ ಇದನ್ನೇ ಕಲಿಸಿದರು.

ಸಿಸ್ಟರ್‌ಗೆ ಇದು ತಿಳಿಯಬಾರದಿತ್ತು. ತನ್ನ ಮೇಲೆ ನಂಬಿಕೆ ಹೋಯಿತೆಂದು ಆಕೆ ನೊಂದುಕೊಳ್ಳುತ್ತಾರೆ. ಮೇಲಿನವರಿಗೆ ತಿಳಿದರೆ ಹಳೆಯ ಕಡತ ಮತ್ತೆ ತೆರೆಯುತ್ತದೆ, ರೋಗಿಗಳೇ ಕಾವಲು ಕೂರುವ ಹಾಗಾಯಿತೇ ಎಂದು ಕೇಳುತ್ತಾರೆ. ಅದಕ್ಕೇ ಪಾಳಿಯವರು ಸಿಸ್ಟರ್ ಹತ್ತಿರ ಬಂದಾಗ ಕಣ್ಣು ಮುಚ್ಚಿ ಮಲಗಿದಂತೆ ನಟಿಸುತ್ತಿದ್ದರು. ಅಷ್ಟರಲ್ಲಿ ತ್ರಿವಿಕ್ರಮರ ಉಂಗುರಗಳು ಬಂದವು. ಉಂಗುರಕ್ಕೆ ನಟನೆ ನಡೆಯುವುದಿಲ್ಲ. ಪಾಳಿಯವರು ತಮ್ಮ ಉಂಗುರವನ್ನು ಕಳಚಿ ಪಕ್ಕದಲ್ಲಿ ಮಲಗಿದವರ ಇನ್ನೊಂದು ಬೆರಳಿಗೆ ತೊಡಿಸಿ, ಏಳುವ ಮೊದಲು ಹಿಂದಕ್ಕೆ ತೆಗೆದುಕೊಳ್ಳತೊಡಗಿದರು.

"ನಿಮಗ ಸುಳ್ಳು ಹೇಳಬೇಕಂತಲ್ರಿ" ಎಂದರು ದಾಕ್ಷಾಯಣಿ, "ಆ ಹೆಣ್ಣುಮಗಳನ್ನ ಉಳಸ್ಕೋಬೇಕಂತ."

ತ್ರಿವಿಕ್ರಮರ ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತು. ಆರರಲ್ಲಿ ಒಬ್ಬರು ಸದಾ ಎಚ್ಚರವಾಗಿದ್ದರು. ಆ ಒಂದು ಸಂಗತಿ ಅವರ ಲೆಕ್ಕಾಚಾರದಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಪಟ್ಟಿಯ ವೇಗದ ಬಗ್ಗೆ ಐದು ವರ್ಷ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಐವರನ್ನು ಮಲಗಿಸಿದ್ದು ನಿಧಾನವಾಗಿ ಸೋಸಿದ ರಕ್ತವಲ್ಲ, ಆರನೆಯವರ ಕಣ್ಣು.

"ಹಾಗಾದ್ರೆ ಮನೇಲಿ ಯಾರಾದ್ರೂ ನಿಮ್ಮ ಪಕ್ಕ ಎಚ್ಚರ ಕೂತ್ರೆ ಸಾಕಲ್ವಾ?" ಎಂದು ಕೇಳಿದರು ಕೊನೆಗೆ. "ನಿಮ್ಮ ತಂಗಿ ಇದಾರೆ."

"ಕುಂತಿದ್ಳರಿ ಪಾಪ, ನಾಕು ದಿನ. ಅಕಿ ಕುಂತ್ರ ನನಗ ಇನ್ನಷ್ಟು ನಿದ್ದಿ ಬರಂಗಿಲ್ಲ. ನನ್ನ ಸಲುವಾಗಿ ಅಕಿ ನಿದ್ದಿಗೆಡೂದು ನೋಡಕೋತ ಮಲಗೂದು ಹೆಂಗ? ಮನಿ ಮಂದಿಗೆ ನಾವು ಭಾರರಿ, ಅವರು ಅನ್ನದಿದ್ರೂ ಭಾರ. ಮೌಲಾ ಕುಂತ್ರ ಭಾರ ಅನಸಂಗಿಲ್ಲ." ದಾಕ್ಷಾಯಣಿಯವರು ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಯಾಕಂದ್ರ ನಾಡಿದ್ದು ಅವ ಮಲಗತಾನ, ನಾ ಕುಂದರತೀನಿ."

ಆಮೇಲೆ ತಡೆದು, "ಈಗ ಅವರೆಲ್ಲ ಹೆಂಗ ಮಲಗತಾರೋ, ಯಾರು ನೋಡತಾರೋ. ಅದ ಚಿಂತಿರಿ ನನಗ" ಎಂದರು.

ಬೀಗದ ಕೈ ಪಡೆಯಲು ತ್ರಿವಿಕ್ರಮರಿಗೆ ನಾಲ್ಕು ದಿನ ಹಿಡಿಯಿತು. ಮುಚ್ಚಿದ ಕೇಂದ್ರವನ್ನು ಮತ್ತೆ ತೆರೆಯುವುದೇಕೆಂದು ಎಲ್ಲ ಅಧಿಕಾರಿಗಳೂ ಕೇಳಿದರು. ಮಲಗುವುದಕ್ಕೆ ಎಂದು ಇವರು ನಿಜವನ್ನೇ ಹೇಳಿದರು. ಹಾರ ಹಾಕಿದ ಕೈಗಳೇ ಈಗ ಹಣೆ ಚಚ್ಚಿಕೊಂಡವು. ಕೊನೆಗೆ ಒಬ್ಬರು, ಇದರಿಂದ ಯಾರಿಗೂ ತೊಂದರೆಯಿಲ್ಲವೆಂದು ಸಹಿ ಹಾಕಿದರು. ಕೋಣೆಯೊಳಗೆ ಶೋಧಕಪಟ್ಟಿಗಳು ಬಂದಿದ್ದ ಖಾಲಿ ರಟ್ಟಿನ ಡಬ್ಬಿಗಳನ್ನು ಸೂರಿನವರೆಗೆ ಒಟ್ಟಿದ್ದರು. ಅವನ್ನು ಹೊರಗೆ ಸಾಗಿಸಿದಾಗ ಆರು ಹಾಸಿಗೆಗಳು ಇದ್ದಲ್ಲೇ ಇದ್ದವು.

ಸೋಮವಾರ ಬೆಳಿಗ್ಗೆ ಏಳಕ್ಕೆ ಆರೂ ಜನ ಬಂದರು. ನಡುವಿಗೆ ಪಟ್ಟಿ, ಕಂಕುಳಲ್ಲಿ ಹೊದಿಕೆ. ಎರಡು ತಿಂಗಳಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸರಸ್ವತಿಬಾಯಿ ಬಾಗಿಲಲ್ಲೇ ಅಳತೊಡಗಿದರು. ಡಯಾಲಿಸಿಸ್ ಮುಗಿದಿದ್ದಕ್ಕೆ ಸಂತೋಷಪಡಬೇಕಾದ ಜನ ಆ ಕೋಣೆಯ ಫಿನಾಯಿಲ್ ವಾಸನೆಗೆ ಮನೆಗೆ ಬಂದವರಂತೆ ಮೂಗರಳಿಸುತ್ತಿದ್ದರು.

"ಇವತ್ತ ಯಾರ ಪಾಳಿ?" ಎಂದು ಯಾರೋ ಕೇಳಿದರು. ಯಾರಿಗೂ ನೆನಪಿರಲಿಲ್ಲ.

"ಕಡೀ ಶುಕ್ರವಾರ ಸರಸ್ವತಿಬಾಯಿದು" ಎಂದರು ದಾಕ್ಷಾಯಣಿ. "ಇವತ್ತ ಮೌಲಾನ್ದು. ಬುಧವಾರ ನಂದು. ಆದ್ರ ಮೌಲಾ ಮಲಗಲಿ, ಮಾರಿ ನೋಡ್ರಿ ಹೆಂಗಾಗೈತಿ. ಇವತ್ತೂ ನಾನ ಕುಂದರತೀನಿ."

ಹಾಗೆ ಎಷ್ಟು ಸಲ ಅವರು ಉಳಿದವರ ಪಾಳಿಗೂ ಕುಳಿತಿದ್ದರೋ ದೇವರಿಗೇ ಗೊತ್ತು. ಮೌಲಾಸಾಬ ಈ ಸಲ ಬಗ್ಗಲಿಲ್ಲ. ಹೊರಗೆ ಹೋಗಿ, ತಳ್ಳುಗಾಡಿಯಿಂದ ಒಂದು ಹೊಸ ಗಾದಿ ಹೊತ್ತುಕೊಂಡು ಬಂದರು. ಕೆಂಪು ಹೂವಿನ ಬಟ್ಟೆಯ ಗಾದಿ. ಅದನ್ನು ದಾಕ್ಷಾಯಣಿಯವರ ಹಾಸಿಗೆಯ ಹಳೆಯ ರೆಕ್ಸಿನ್ ಮೇಲೆ ಹಾಸಿ, ಎರಡೂ ಕೈಯಿಂದ ತಟ್ಟಿದರು.

"ಎರಡು ದಿನ ಕುಂತು ಅರಳಿ ಹಿಂಜೇನಿ ಅಕ್ಕಾ, ಕೈಯಾಗ. ಮಶೀನಿಗೆ ಹಾಕಿಲ್ಲ. ಇದರ ಮ್ಯಾಲ ನೀ ಮಲಗಲಿಲ್ಲಂದ್ರ ನಾ ಕಸುಬು ಬಿಡ್ತೀನಿ."

ದಾಕ್ಷಾಯಣಿಯವರು ಗಾದಿಯನ್ನು ಮುಟ್ಟಿ ನೋಡಿದರು. ಒರಗಿದರು. ತ್ರಿವಿಕ್ರಮರು ಮೂಲೆಯ ಸ್ಟೂಲಿನ ಮೇಲೆ ಪರದೆ ಹಿಡಿದು ಕುಳಿತಿದ್ದರು. ಅರ್ಧ ತಾಸಿನಲ್ಲಿ ನಾಲ್ವರು ಮಲಗಿದರು. ದಾಕ್ಷಾಯಣಿಯವರ ಕಾಲುಗಳು ಹೊದಿಕೆಯ ಕೆಳಗೆ ಎಂದಿನಂತೆ ಎಡಕ್ಕೆ ಬಲಕ್ಕೆ ಆಡುತ್ತಿದ್ದವು. ಕಣ್ಣುಗಳು ತೆರೆದೇ ಇದ್ದವು. ಒಬ್ಬೊಬ್ಬರ ತೋಳನ್ನೂ ಎಣಿಸುತ್ತಿದ್ದವು.

"ಎಚ್ಚರ ಅದೀಯೇನೋ ಮೌಲಾ?" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಅದೀನಕ್ಕಾ. ಮಲಕೋ."

ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರದೇ ಬೆರಳಿನಲ್ಲಿದ್ದ ಅವರದೇ ಉಂಗುರದ ಗೆರೆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ತಳಕ್ಕಿಳಿಯಿತು. ಒಂದು ತಾಸು ಹತ್ತು ನಿಮಿಷ ಅದು ತಳದಲ್ಲಿತ್ತು. ಅಷ್ಟೂ ಹೊತ್ತು ಕಾಲುಗಳು ನಿದ್ರೆಯಲ್ಲೇ ಆಡುತ್ತಿದ್ದವು, ಆದರೂ ನಿದ್ರೆ ಮುರಿಯಲಿಲ್ಲ. ತ್ರಿವಿಕ್ರಮರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಅವರು ಅಳುವವರಲ್ಲ. ಅಂದು ಅತ್ತರು.

ಮುಂದಿನ ವಾರಗಳಲ್ಲಿ ಆರು ಗೆರೆಗಳೂ ದಿನದಿಂದ ದಿನಕ್ಕೆ ಆಳವಾದವು. ಅಲ್ಲಿ ಮಲಗಿ ಎದ್ದವರಿಗೆ ಮನೆಯಲ್ಲಿಯೂ ಒಂದಿಷ್ಟು ನಿದ್ರೆ ಬರತೊಡಗಿತು. ನಾಡಿದ್ದು ಮತ್ತೆ ಕೋಣೆಯಿದೆ ಎಂಬ ಧೈರ್ಯವಿರಬೇಕು. ಬೇರೆ ಊರುಗಳಲ್ಲೂ ಇಂಥ ಕೋಣೆ ತೆರೆಯಬೇಕೆಂದು ತ್ರಿವಿಕ್ರಮರು ಉದ್ದನೆಯ ವರದಿ ಬರೆದರು. ದಾಕ್ಷಾಯಣಿಯವರ ಪಾಳಿಯನ್ನು ತಪ್ಪಿಸಲು ಉಳಿದವರು ನೋಡಿದರು. ಅವರು ಒಪ್ಪಲಿಲ್ಲ. "ನನ್ನ ಪಾಳಿ ನಾ ಕುಂದರಲಿಲ್ಲಂದ್ರ ನಿಮ್ಮ ಪಾಳ್ಯಾಗ ನನಗ ನಿದ್ದಿ ಬರಂಗಿಲ್ಲ" ಎಂದರು. ಅದು ನಿಜವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಸುಮ್ಮನಾದರು. ಹೃದಯದ ಅಳತೆ ಮಾತ್ರ ಇಪ್ಪತ್ತೆಂಟರಿಂದ ಮೂವತ್ತಕ್ಕೆ ಏರಿ ಅಲ್ಲಿಯೇ ನಿಂತಿತು. ಆಗಬೇಕಾದ ಹಾನಿ ಬೀಗ ಬಿದ್ದಿದ್ದ ಎರಡು ತಿಂಗಳಲ್ಲಿ ಆಗಿಹೋಗಿತ್ತು. ತ್ರಿವಿಕ್ರಮರಿಗೆ ಅದು ತಿಳಿದಿತ್ತು. ತಿಳಿದೂ ಆಸೆ ಇಟ್ಟುಕೊಂಡಿದ್ದರು.

ಮೌಲಾಸಾಬರ ಪಾಳಿ ಮೂರನೆಯ ಸಲ ಬಂದ ಸೋಮವಾರ, ಒಂಬತ್ತೂವರೆಯ ಸುಮಾರಿಗೆ, ಕೋಣೆಯಿಂದ ಒಂದು ಕೂಗು ಕೇಳಿಸಿತು. ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ ತ್ರಿವಿಕ್ರಮರು ಓಡಿ ಬಂದರು. ಅವರು ಹಾಸಿಗೆಯ ಹತ್ತಿರ ತಲುಪಿದ ಮೇಲೆಯೇ ಶೋಧಕಪಟ್ಟಿ ರಕ್ತ ಹರಿಯುತ್ತಿಲ್ಲವೆಂದು ಕೂಗಿಕೊಂಡಿತು. ಮನುಷ್ಯ ಅದಕ್ಕಿಂತ ಮೊದಲೇ ಕಂಡಿದ್ದ. ಆದರೆ ಕಂಡು ಮಾಡುವುದಕ್ಕೇನೂ ಉಳಿದಿರಲಿಲ್ಲ. ತ್ರಿವಿಕ್ರಮರು ಎದೆ ಒತ್ತಿದರು, ಆ ಬಡಕಲು ಎದೆಯನ್ನು ಇಪ್ಪತ್ತು ನಿಮಿಷ ಒತ್ತಿದರು. ಹೃದಯ ಮರಳಲಿಲ್ಲ. ಕೆಂಪು ಹೂವಿನ ಗಾದಿಯ ಮೇಲೆ ದಾಕ್ಷಾಯಣಿಯವರು ಮಲಗಿದಂತೆಯೇ ಇದ್ದರು.

ಮೌಲಾಸಾಬ ನೆಲದ ಮೇಲೆ ಕುಸಿದು ಕುಳಿತಿದ್ದರು. "ನಾ ಎಚ್ಚರ ಇದ್ನಿರಿ ಸಾಹೇಬ್ರ. ಅಲ್ಲಾನ ಆಣಿ, ಕಣ್ಣ ಮುಚ್ಚಿಲ್ಲ. ಅಕ್ಕ ಕೇಳಿದ್ಲು, ಅದೀನಿ ಅಂತ ಹೇಳಿದ್ನಿ, ಮಲಗಿದ್ಲು. ಅಕಿ ಕಾಲು ಆಡತಿರತಾವಲ್ರಿ ಯಾವಾಗ್ಲೂ, ಅವನ್ನ ನೋಡಕೋತ ಕುಂತಿದ್ದೆ. ಅವು ಸುಮ್ಮನಾದುವು. ಹದಿನಾಕು ವರ್ಷದಾಗ ಒಂದು ದಿನ ಸುಮ್ಮನಾಗಿದ್ದಿಲ್ಲ ಆ ಕಾಲು. ಇವತ್ತ ಅಕ್ಕಗ ಖರೇ ನಿದ್ದಿ ಹತ್ತಿತು ಅಂತ ನಾ ಖುಷಿಪಟ್ನಿರಿ. ಒಂದು ಗಳಿಗಿ ಖುಷಿಪಟ್ಟೆ ನಾ."

"ನಿಮ್ಮ ತಪ್ಪಿಲ್ಲ" ಎಂದು ತ್ರಿವಿಕ್ರಮರು ಹೇಳಿದರು. ಯಾರ ತಪ್ಪೆಂಬುದನ್ನು ಬಾಯಿಬಿಟ್ಟು ಹೇಳಲಾರದೆ ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಆಕೆಯಿಂದ ಈ ಕೋಣೆಯನ್ನು ಎರಡು ತಿಂಗಳು ಕಿತ್ತುಕೊಂಡವರು ತಾವು. ಒಳ್ಳೆಯದು ಮಾಡಲು ಹೋಗಿಯೇ ಕಿತ್ತುಕೊಂಡಿದ್ದರು. ಅದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ. ಉಂಗುರದಲ್ಲಿ ಕೊನೆಯ ಗೆರೆ ಉಳಿದಿತ್ತು: ಎರಡು ತಾಸು ಐದು ನಿಮಿಷ, ಒಂದೇ ತುಂಡು. ಗೊರಕೆಯ ಹಲ್ಲುಗಳಿಲ್ಲದ, ನಯವಾದ ಗೆರೆ. ಹಾಗಿರುತ್ತಿತ್ತು ಆಕೆಯ ಸ್ವಂತ ನಿದ್ರೆ.

ಮಂಗಳವಾರ ಮಣ್ಣಾಯಿತು. ಫಿಲೋಮಿನಾ ಸಿಸ್ಟರ್ ಬಂದಿದ್ದರು. ಮಣ್ಣು ಹಾಕಿ ಕೈ ತೊಳೆಯುವಾಗ ಆಕೆ ತ್ರಿವಿಕ್ರಮರ ಹತ್ತಿರ ನಿಂತು, "ಅವರು ಪಾಳಿ ಮ್ಯಾಲ ಎಚ್ಚರ ಇರ್ತಿದ್ದದ್ದು ನನಗ ಗೊತ್ತಿತ್ತು ಡಾಕ್ಟರ್" ಎಂದರು. "ನಾ ಹತ್ರ ಹೋದಾಗ ಕಣ್ಣು ಮುಚ್ಚತಿದ್ರು. ನಾನೂ ನೋಡದವರ ಹಂಗ ಹೋಗ್ತಿದ್ದೆ. ಆ ನಾಕು ತಾಸು ನನಗೂ ಧೈರ್ಯ ಇರ್ತಿತ್ರಿ."

ಬುಧವಾರ ಏಳು ಗಂಟೆಗೆ ತ್ರಿವಿಕ್ರಮರು ಕೋಣೆಯ ಬೀಗ ತೆಗೆದರು. ಯಾರೂ ಬರಲಾರರೆಂದುಕೊಂಡಿದ್ದರು. ಐವರೂ ಬಂದರು. ಅವರವರ ಹಾಸಿಗೆಯ ಮೇಲೆ ಕುಳಿತರು. ಮಲಗಲಿಲ್ಲ. ಕೆಂಪು ಹೂವಿನ ಗಾದಿಯ ಕಡೆ ನೋಡಲೂ ಇಲ್ಲ. ಇಂದು ಯಾರ ಪಾಳಿಯೆಂದು ಯಾರೂ ಕೇಳಲಿಲ್ಲ, ಏಕೆಂದರೆ ಈ ಸಲ ಎಲ್ಲರಿಗೂ ನೆನಪಿತ್ತು.

ಹಾಗೆ ಅರ್ಧ ತಾಸು ಕಳೆಯಿತು. ತ್ರಿವಿಕ್ರಮರು ಸ್ಟೂಲಿನಿಂದ ಎದ್ದು, ಚಪ್ಪಲಿ ಕಳಚಿ, ಹೋಗಿ ಆ ಗಾದಿಯ ಮೇಲೆ ಕುಳಿತರು. ಕಿಸೆಯಲ್ಲಿ ಅದುರುತ್ತಿದ್ದ ಫೋನನ್ನು ಆರಿಸಿ ಕೆಳಗಿಟ್ಟರು. ಅಲ್ಲಿಂದ ಐದೂ ತೋಳುಗಳು ಕಾಣುತ್ತಿದ್ದವು. ಆ ಹಾಸಿಗೆಯನ್ನು ಆಕೆ ಏಕೆ ಆರಿಸಿಕೊಂಡಿದ್ದರೆಂದು ಅವರಿಗೆ ಈಗ ಗೊತ್ತಾಯಿತು. ಒಂದೊಂದಾಗಿ ಎಣಿಸಿದರು. ಐದು. ಮತ್ತೊಮ್ಮೆ ಎಣಿಸಿದರು.

ಸರಸ್ವತಿಬಾಯಿ ಮೊದಲು ಒರಗಿದರು. ಆಮೇಲೆ ಉಳಿದವರು. ಎಲ್ಲರಿಗಿಂತ ಕೊನೆಗೆ ಮೌಲಾಸಾಬ ಹೊದಿಕೆ ಎಳೆದುಕೊಂಡು, ತೋಳನ್ನು ಹೊರಗಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವರಿಗೆ ನಿದ್ರೆ ಬಂದಿರಬೇಕು ಎಂದು ತ್ರಿವಿಕ್ರಮರು ಅಂದುಕೊಳ್ಳುವಷ್ಟರಲ್ಲಿ, ಮುಖ ಈ ಕಡೆ ತಿರುಗಿಸದೆಯೇ ಅವರು ಕೇಳಿದರು.

"ಎಚ್ಚರ ಅದೀರೇನ್ರಿ ಸಾಹೇಬ್ರ?"

ತ್ರಿವಿಕ್ರಮರು ಐದೂ ತೋಳುಗಳ ಮೇಲೆ ಮತ್ತೆ ಕಣ್ಣಾಡಿಸಿದರು.

"ಅದೀನಿ. ಮಲಕೋ."